ನರಮೇಧದ ಎದುರು ನಗಬಹುದೆ?

ಕನ್ನಡದ ಆಡುಮಾತಿನಲ್ಲಿ ‘ಹಿಟ್ಲರ್’ ಎಂಬುದು ಈಗ ಒಬ್ಬ ವ್ಯಕ್ತಿಯ ಹೆಸರಾಗಿ ಮಾತ್ರ ಉಳಿದಿಲ್ಲ, ಗುಣವಾಚಕವೂ ಆಗಿದೆ. ಗಂಟೆ ಬಾರಿಸಿದ ಮರುನಿಮಿಷವೇ ಶಾಲೆಯ ಗೇಟು ಹಾಕಿಸುವ ಹೆಡ್‌ಮಾಸ್ಟರು ಹಿಟ್ಲರ್. ಸೊಸೆಗೆ ಸಕ್ಕರೆ ಅಳೆದು ಕೊಡುವ ಅತ್ತೆ ಹಿಟ್ಲರ್. ರಜೆ ಕೇಳಿದರೆ ಹುಬ್ಬು ಗಂಟಿಕ್ಕುವ ಮೇಲಧಿಕಾರಿಯೂ ಹಿಟ್ಲರೇ. ಈ ಬಿರುದಿನಲ್ಲಿ ಸಿಟ್ಟಿಗಿಂತ ಸಲಿಗೆ ಹೆಚ್ಚು. ಬೆನ್ನ ಹಿಂದೆ ಹಾಗೆಂದು ನಕ್ಕು ಹಗುರಾಗುತ್ತೇವೆ. 2021ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ‘ಹಿಟ್ಲರ್ ಕಲ್ಯಾಣ’ ಎಂಬ ಧಾರಾವಾಹಿ ಆರಂಭವಾಗಿ ಮನೆಮನೆಯ ಮಾತಾಯಿತು. ಶಿಸ್ತಿನ ಸಿರಿವಂತನೊಬ್ಬನನ್ನು ಮದುವೆಯಾಗಿ, ತನಗಿಂತ ಜೋರಾದ ಮೂವರು ಸೊಸೆಯರಿಗೆ ಎಳೆಯ ವಯಸ್ಸಿನ ಅತ್ತೆಯಾಗುವ ಹುಡುಗಿಯ ಕಥೆ ಅದು. ಹಿಟ್ಲರ್ ಎಂಬ ಹೆಸರಿನ ಪಕ್ಕದಲ್ಲಿ ಕಲ್ಯಾಣ ಎಂಬ ಮಂಗಳಕರ ಪದ ಬಂದು ಕೂತದ್ದು ನಮ್ಮಲ್ಲಿ ಹೆಚ್ಚಿನವರಿಗೆ ವಿಚಿತ್ರವಾಗಿ ಕಾಣಲೇ ಇಲ್ಲ.

ಇದೇ ಕನ್ನಡದಲ್ಲಿ 2007ರಲ್ಲಿ ನೇಮಿಚಂದ್ರ ಅವರ ‘ಯಾದ್ ವಶೇಮ್’ ಕಾದಂಬರಿ ಪ್ರಕಟವಾಯಿತು. ನಾಜಿಗಳಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದಿ ಹುಡುಗಿಯೊಬ್ಬಳು ಇಲ್ಲಿಯವಳಾಗಿಯೇ ಬೆಳೆದು, ದಶಕಗಳ ನಂತರ ಕಳೆದುಹೋದ ತನ್ನವರನ್ನು ಹುಡುಕಿಕೊಂಡು ಹೊರಡುವ ಕಥೆ. ಕನ್ನಡ ಓದುಗರು ಅದನ್ನು ಕಣ್ಣೀರಿಟ್ಟು ಓದಿದರು, ಮತ್ತೆ ಮತ್ತೆ ಮುದ್ರಣಗಳಾದವು.

ಒಂದೇ ಭಾಷೆ, ಒಂದೇ ಸಮಾಜ. ಒಂದೇ ಚರಿತ್ರೆಯ ಒಂದು ತುದಿ ಹಿಡಿದು ಅಳುತ್ತೇವೆ, ಇನ್ನೊಂದು ತುದಿ ಹಿಡಿದು ನಗುತ್ತೇವೆ. ಇದರಲ್ಲಿ ತಪ್ಪಿದೆಯೆ? ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದ ಘಟನೆಯ ಸುತ್ತ ಹಾಸ್ಯ ಕಟ್ಟಬಹುದೆ, ಅದನ್ನು ಚಲನಚಿತ್ರ ಮಾಡಿ ಟಿಕೆಟ್ಟು ಮಾರಬಹುದೆ ಎಂಬ ಪ್ರಶ್ನೆ ಯುರೋಪು ಅಮೆರಿಕಗಳಲ್ಲಿ ಎಂಟು ದಶಕಗಳಿಂದ ಚರ್ಚೆಯಲ್ಲಿದೆ. ಅದು ನಮ್ಮ ಪ್ರಶ್ನೆಯೂ ಹೌದು, ಅದಕ್ಕೆ ಉತ್ತರ ಹುಡುಕುವ ಸಲಕರಣೆಗಳೂ ನಮ್ಮಲ್ಲಿವೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೈಸೂರಿಗೆ ಬಂದ ಹಿಟ್ಲರ್

ಹಿಟ್ಲರ್ ನಮಗೆ ನಗೆಪಾಟಲಾಗಿ ಕಂಡದ್ದಕ್ಕೆ ಒಂದು ಇತಿಹಾಸವಿದೆ. ಅವನು ಇಲ್ಲಿನ ವಿದ್ಯಾವಂತರ ಮನೆಗೆ ಬಂದ ದಾರಿಗಳಲ್ಲಿ ವ್ಯಂಗ್ಯಚಿತ್ರವೂ ಒಂದು. 1930ರ ದಶಕದಲ್ಲಿ ಲಂಡನ್ನಿನ ಡೇವಿಡ್ ಲೋ ಬರೆಯುತ್ತಿದ್ದ ವ್ಯಂಗ್ಯಚಿತ್ರಗಳನ್ನು ಮದರಾಸಿನ ‘ದಿ ಹಿಂದೂ’ ಪತ್ರಿಕೆ ಮರುಮುದ್ರಿಸುತ್ತಿತ್ತು. ಮೈಸೂರಿನ ಹೆಡ್‌ಮಾಸ್ಟರೊಬ್ಬರ ಮನೆಯಲ್ಲಿ ಒಬ್ಬ ಹುಡುಗ ಅವನ್ನು ಬಿಡದೆ ನೋಡುತ್ತಿದ್ದ. ಕೆಳಗಿನ ಸಹಿಯನ್ನು ಆತ ಬಹಳ ಕಾಲ ‘ಕೌ’, ಅಂದರೆ ಹಸು, ಎಂದೇ ಓದಿಕೊಂಡಿದ್ದನಂತೆ. ಆ ಹುಡುಗನೇ 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ಮುಂದೆ ದೇಶಕ್ಕೆಲ್ಲ ‘ಶ್ರೀಸಾಮಾನ್ಯ’ನನ್ನು ಕೊಟ್ಟ ಆರ್.ಕೆ. ಲಕ್ಷ್ಮಣ್. ಲೋ ಅವರ ಕುಂಚದಲ್ಲಿ ಹಿಟ್ಲರ್ ಮುಂಗೋಪಿಯಾದ, ಜಂಬದ, ಪುಟ್ಟ ಮೀಸೆಯ ಪೆದ್ದ. ಆ ಚಿತ್ರಗಳು ನಾಜಿಗಳಿಗೆ ಎಷ್ಟು ಚುಚ್ಚಿದ್ದವೆಂದರೆ, ಇಂಗ್ಲೆಂಡನ್ನು ಗೆದ್ದರೆ ಬಂಧಿಸಬೇಕಾದವರ ಪಟ್ಟಿಯಲ್ಲಿ ಲೋ ಹೆಸರೂ ಇತ್ತು.

ಇನ್ನೊಂದು ದಾರಿಯಲ್ಲಿ ಬಂದವರು ನಿರಾಶ್ರಿತರು. 1933ರಲ್ಲಿ ಯಹೂದಿ ಎಂಬ ಕಾರಣಕ್ಕೆ ಗಟಿಂಗೆನ್ ವಿಶ್ವವಿದ್ಯಾನಿಲಯದ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರ ಸಂಬಂಧಿ, ಬರ್ಲಿನ್ನಿನ ಆಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಬಂದ ಆತ ಕಟ್ಟಿಸಿದ ಕಟ್ಟಡಗಳು ಇಂದಿಗೂ ವಿಜ್ಞಾನ ಸಂಸ್ಥೆಯ ಆವರಣದಲ್ಲಿವೆ. ನರಮೇಧದಿಂದ ಪಾರಾದವರು ನಮ್ಮ ರಸ್ತೆಗಳಲ್ಲೇ ಓಡಾಡಿದ್ದರು. ಆದರೆ ಅವರ ದುಃಖ ನಮ್ಮ ಆಡುಮಾತಿಗೆ ಬರಲಿಲ್ಲ. ವ್ಯಂಗ್ಯಚಿತ್ರದ ಮೀಸೆ ಮಾತ್ರ ಬಂದು ಉಳಿಯಿತು.

ಅದಕ್ಕೆ ಕಾರಣಗಳೂ ಇವೆ. ನಮ್ಮ ಆಳುವವರು ಬ್ರಿಟಿಷರು. ಅವರ ಶತ್ರುವಿನ ಬಗ್ಗೆ ಇಲ್ಲಿ ಕೆಲವರಿಗೆ ಒಳಗೊಳಗೇ ಮೆಚ್ಚುಗೆಯೂ ಇತ್ತು. 1943ರ ಬಂಗಾಳದ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರು. 1947ರ ದೇಶವಿಭಜನೆಯ ರಕ್ತಪಾತ ಅದರ ಬೆನ್ನಿಗೇ ಬಂತು. ಪೋಲೆಂಡಿನ ಸಾವುಗಳಿಗೆ ನಮ್ಮ ಎದೆಯಲ್ಲಿ ಜಾಗ ಸಾಲದೆ ಹೋದದ್ದು ಸಹಜ.

ಚಾಪ್ಲಿನ್ ಪಶ್ಚಾತ್ತಾಪ

ಹಿಟ್ಲರನನ್ನು ಜಗತ್ತಿನ ಬೆಳ್ಳಿತೆರೆಯ ಮೇಲೆ ನಗೆಗೀಡು ಮಾಡಿದವರಲ್ಲಿ ಮೊದಲು ನೆನಪಾಗುವವರು ಚಾರ್ಲಿ ಚಾಪ್ಲಿನ್. ಇಬ್ಬರೂ ಹುಟ್ಟಿದ್ದು 1889ರ ಏಪ್ರಿಲಿನಲ್ಲಿ, ನಾಲ್ಕೇ ದಿನಗಳ ಅಂತರದಲ್ಲಿ. ಮೀಸೆಯೂ ಒಂದೇ ಬಗೆಯದು. 1939ರಲ್ಲಿ ಯುದ್ಧ ಆರಂಭವಾದ ತಿಂಗಳಲ್ಲೇ ಚಿತ್ರೀಕರಣ ಶುರುವಾಗಿ, 1940ರ ಅಕ್ಟೋಬರಿನಲ್ಲಿ ‘ದಿ ಗ್ರೇಟ್ ಡಿಕ್ಟೇಟರ್’ ತೆರೆಗೆ ಬಂತು. ಸರ್ವಾಧಿಕಾರಿ ಹಿಂಕೆಲ್ ಮತ್ತು ಬಡ ಯಹೂದಿ ಕ್ಷೌರಿಕ, ಎರಡು ಪಾತ್ರಗಳೂ ಚಾಪ್ಲಿನ್ನರವೇ. ಸರ್ವಾಧಿಕಾರಿ ಭೂಗೋಳದ ಬಲೂನನ್ನು ಪ್ರೇಯಸಿಯಂತೆ ಎತ್ತಿ ಆಡಿಸುತ್ತ ನರ್ತಿಸುತ್ತಾನೆ. ಕೊನೆಗೆ ಅದು ಅವನ ಮುಖದ ಮೇಲೆಯೇ ಒಡೆಯುತ್ತದೆ. ಲೋಕ ಮನಸಾರೆ ನಕ್ಕಿತು.

ಆಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಸಾಮೂಹಿಕ ಹತ್ಯೆಯ ವ್ಯವಸ್ಥೆಯೂ ಇನ್ನೂ ಪೂರ್ಣರೂಪಕ್ಕೆ ಬಂದಿರಲಿಲ್ಲ. 1941ರ ಬೇಸಿಗೆಯಲ್ಲಿ ಸೋವಿಯತ್ ನೆಲದಲ್ಲಿ ಸಾಲುಸಾಲಾಗಿ ನಿಲ್ಲಿಸಿ ಗುಂಡಿಕ್ಕುವುದು ಮೊದಲಾಯಿತು. 1942ರ ಜನವರಿ 20ರಂದು ಬರ್ಲಿನ್ನಿನ ವಾನ್‌ಸೀ ಎಂಬಲ್ಲಿ ಅಧಿಕಾರಿಗಳು ಸಭೆ ಸೇರಿ, ಯುರೋಪಿನ ಯಹೂದಿಗಳನ್ನು ಇಲ್ಲವಾಗಿಸುವ ಕೆಲಸವನ್ನು ಇಲಾಖೆಗಳಿಗೆ ಹಂಚಿಕೊಂಡರು. ಆಷ್‌ವಿಟ್ಜ್ ಒಂದರಲ್ಲೇ ಸುಮಾರು 11 ಲಕ್ಷ ಜನ ಸತ್ತರು, ಅವರಲ್ಲಿ ಸುಮಾರು 10 ಲಕ್ಷ ಯಹೂದಿಗಳು. ಇದೆಲ್ಲ ಹೊರಬಿದ್ದ ಮೇಲೆ ಚಾಪ್ಲಿನ್ ತಮ್ಮ 1964ರ ಆತ್ಮಕಥೆಯಲ್ಲಿ ಒಂದು ಮಾತು ಬರೆದರು. ಆ ಶಿಬಿರಗಳ ನಿಜವಾದ ಘೋರ ತಮಗೆ ಅಂದೇ ತಿಳಿದಿದ್ದರೆ ಈ ಚಿತ್ರ ಮಾಡಲು ಸಾಧ್ಯವಾಗುತ್ತಿರಲಿಲ್ಲ ಎಂಬುದು ಅದರ ಸಾರ. ಹಾಸ್ಯಲೋಕದ ಚಕ್ರವರ್ತಿಯೇ ಹೀಗೆಂದ ಮೇಲೆ ಪ್ರಶ್ನೆ ಮುಗಿಯಿತು ಎನಿಸಬಹುದು. ಆದರೆ ಮುಗಿಯಲಿಲ್ಲ.

ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ ನಿರ್ದೇಶಕ ಅರ್ನ್‌ಸ್ಟ್ ಲುಬಿಚ್ 1942ರಲ್ಲಿ ‘ಟು ಬಿ ಆರ್ ನಾಟ್ ಟು ಬಿ’ ತೆಗೆದರು. ವಾರ್ಸಾದ ನಾಟಕ ಕಂಪನಿಯೊಂದು ನಾಜಿಗಳ ವೇಷ ಹಾಕಿ ನಾಜಿಗಳನ್ನೇ ಮೋಸಗೊಳಿಸುವ ಹಾಸ್ಯಕಥೆ. ಪೋಲೆಂಡು ಹೊತ್ತಿ ಉರಿಯುವಾಗ ಇದೆಂಥ ಅಭಿರುಚಿ ಎಂದು ವಿಮರ್ಶಕರು ಕಿಡಿಕಾರಿದರು. ಆ ಚಿತ್ರದಲ್ಲಿ ಗ್ರೀನ್‌ಬರ್ಗ್ ಎಂಬ ಸಣ್ಣ ನಟನಿದ್ದಾನೆ. ಜೀವನದಲ್ಲಿ ಒಮ್ಮೆ ಷೇಕ್ಸ್‌ಪಿಯರನ ಶೈಲಾಕ್ ಪಾತ್ರ ಮಾಡಬೇಕೆಂಬುದು ಅವನ ಆಸೆ. ಕೊನೆಗೆ ನಾಜಿ ಸೈನಿಕರ ಎದುರಿಗೆ, ಪ್ರಾಣ ಪಣಕ್ಕಿಟ್ಟು, ಯಹೂದಿಯೂ ಮನುಷ್ಯನೇ ಎಂಬ ಆ ಮಾತುಗಳನ್ನು ಆಡುತ್ತಾನೆ. ನಗೆಯ ಚಿತ್ರ ಅಲ್ಲಿ ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತದೆ. ಆ ಪಾತ್ರ ವಹಿಸಿದ ಫೆಲಿಕ್ಸ್ ಬ್ರೆಸಾರ್ಟ್ ಸ್ವತಃ ನಾಜಿಗಳಿಂದ ಓಡಿಬಂದ ಯಹೂದಿ. ಅಂದು ಬೈಸಿಕೊಂಡ ಚಿತ್ರ ಇಂದು ಶ್ರೇಷ್ಠ ಕೃತಿಗಳ ಸಾಲಿನಲ್ಲಿದೆ.

ಬೆನಿನಿ ಎಬ್ಬಿಸಿದ ಬಿರುಗಾಳಿ

ಇವೆರಡೂ ಶಿಬಿರಗಳ ಸತ್ಯ ತಿಳಿಯುವ ಮೊದಲಿನವು. ತಿಳಿದ ಮೇಲೆ ಹಾಸ್ಯಗಾರರು ಹಿಂಜರಿದರು. ಅಮೆರಿಕದ ಜೆರ್ರಿ ಲೂಯಿಸ್ 1972ರಲ್ಲಿ, ಮಕ್ಕಳನ್ನು ವಿಷಾನಿಲದ ಕೋಣೆಯವರೆಗೆ ನಗಿಸುತ್ತ ಕರೆದೊಯ್ಯುವ ವಿದೂಷಕನೊಬ್ಬನ ಚಿತ್ರ ತೆಗೆಯಲು ಹೋಗಿ, ಅದನ್ನು ಎಂದೂ ಬಿಡುಗಡೆ ಮಾಡಲಿಲ್ಲ. ತಾವು ಎಡವಿದೆವೆಂದು ಅವರೇ ಒಪ್ಪಿಕೊಂಡರು.

1997ರಲ್ಲಿ ಇಟಲಿಯ ರಾಬರ್ಟೊ ಬೆನಿನಿ ‘ಲೈಫ್ ಈಸ್ ಬ್ಯೂಟಿಫುಲ್’ ಎಂದು ಇಂಗ್ಲಿಷಿನಲ್ಲಿ ಹೆಸರಾದ ಚಿತ್ರದೊಡನೆ ಬಂದರು. ಪುಟ್ಟ ಮಗನೊಡನೆ ಶಿಬಿರ ಸೇರಿದ ತಂದೆ, ಇದೆಲ್ಲ ಒಂದು ಆಟ, ಸಾವಿರ ಅಂಕ ಗಳಿಸಿದವರಿಗೆ ನಿಜವಾದ ಟ್ಯಾಂಕು ಬಹುಮಾನ ಎಂದು ನಂಬಿಸುತ್ತಾನೆ. ಕೊನೆಗೆ ಸೈನಿಕನೊಬ್ಬ ಅವನನ್ನು ಕೊಲ್ಲಲು ಎಳೆದೊಯ್ಯುವಾಗಲೂ, ಅಡಗಿ ಕೂತ ಮಗನಿಗಾಗಿ ಕಣ್ಣು ಮಿಟುಕಿಸಿ ಕೋಡಂಗಿಯಂತೆ ಹೆಜ್ಜೆ ಹಾಕುತ್ತಾನೆ. ಚಿತ್ರಕ್ಕೆ 1999ರಲ್ಲಿ ಮೂರು ಆಸ್ಕರ್ ಪ್ರಶಸ್ತಿಗಳು ಬಂದವು. ಬೆನಿನಿಯ ತಂದೆ ಯಹೂದಿಯಲ್ಲ. ಆದರೂ ಯುದ್ಧದ ಕೊನೆಯ ಎರಡು ವರ್ಷ ಜರ್ಮನರ ಸೆರೆಯಲ್ಲಿ ದುಡಿದು ಮೂಳೆಚಕ್ಕಳವಾಗಿ ಬಂದವರು. ಆ ಅನುಭವವನ್ನು ಮಕ್ಕಳಿಗೆ ಹೆದರಿಕೆಯಾಗದಂತೆ ನಗೆ ಬೆರೆಸಿ ಹೇಳುತ್ತಿದ್ದರಂತೆ. ಚಿತ್ರದ ಬೀಜ ಅಲ್ಲಿದೆ.

ಟೀಕೆಗಳೂ ಅಷ್ಟೇ ಬಿರುಸಾಗಿದ್ದವು. ಆಷ್‌ವಿಟ್ಜ್‌ಗೆ ರೈಲಿನಲ್ಲಿ ಬಂದಿಳಿದ ಚಿಕ್ಕ ಮಕ್ಕಳಲ್ಲಿ ಬಹುತೇಕ ಎಲ್ಲರನ್ನೂ ನೇರವಾಗಿ ವಿಷಾನಿಲದ ಕೋಣೆಗೆ ಕಳುಹಿಸಲಾಗುತ್ತಿತ್ತು. ಮಂಚದ ಕೆಳಗೆ ಮಗುವನ್ನು ಅಡಗಿಸಿ ಆಟವಾಡಿಸುವ ತಂದೆ ಅಲ್ಲಿ ಇರಲಾರ. ಹಾಗಾದರೆ ಈ ಚಿತ್ರ ಕೊಡುವ ಸಮಾಧಾನ ಸುಳ್ಳಿನದಲ್ಲವೆ ಎಂಬುದು ಆಕ್ಷೇಪ. ‘ದಿ ಪ್ರೊಡ್ಯೂಸರ್ಸ್’ ಚಿತ್ರದಲ್ಲಿ ಹಿಟ್ಲರನ ಬಗ್ಗೆ ಹಾಡು ಕುಣಿತಗಳ ಪ್ರಹಸನವನ್ನೇ ಕಟ್ಟಿ ನಗಿಸಿದ್ದ ಯಹೂದಿ ಹಾಸ್ಯಗಾರ ಮೆಲ್ ಬ್ರೂಕ್ಸ್‌ಗೂ ಬೆನಿನಿಯ ಚಿತ್ರ ಸರಿಬರಲಿಲ್ಲ. ಹಿಟ್ಲರನನ್ನು ನೋಡಿ ನಗುವುದು ಬೇರೆ, ಶಿಬಿರದೊಳಗೆ ನಗೆ ಹುಡುಕುವುದು ಬೇರೆ ಎಂಬುದು ಅವರ ನಿಲುವಿನ ತಿರುಳು. ಇದಕ್ಕೆ ಎದುರಾಗಿ ನಿಂತವರು ಹಂಗೇರಿಯ ಇಮ್ರೆ ಕೆರ್ತೆಸ್. 1944ರಲ್ಲಿ, 14ನೆಯ ವಯಸ್ಸಿನಲ್ಲಿ ಆಷ್‌ವಿಟ್ಜ್‌ಗೆ ಸಾಗಿಸಲ್ಪಟ್ಟು ಬದುಕಿ ಬಂದವರು, 2002ರಲ್ಲಿ ನೊಬೆಲ್ ಪಡೆದ ಸಾಹಿತಿ. ಅವರು ಬೆನಿನಿಯ ಚಿತ್ರವನ್ನು ಸಮರ್ಥಿಸಿದರು. ವಿವರಗಳ ನಿಖರತೆಗಿಂತ ಚಿತ್ರದ ಒಳಗಿನ ಸತ್ಯ ಮುಖ್ಯವೆಂದರು. ಎಲ್ಲರೂ ಹೊಗಳಿದ, ಗಂಭೀರವೇ ಆದ ‘ಷಿಂಡ್ಲರ್ಸ್ ಲಿಸ್ಟ್’ ಅವರಿಗೆ ಹಿಡಿಸಲಿಲ್ಲ.

ಶಿಬಿರ ಕಂಡವನು ನಗಬಹುದೆನ್ನುತ್ತಾನೆ, ನಗಿಸುವುದನ್ನೇ ಕಸುಬಾಗಿಸಿಕೊಂಡವನು ಬೇಡವೆನ್ನುತ್ತಾನೆ. ಸುಲಭದ ಸೂತ್ರ ಇಲ್ಲಿ ಕೆಲಸಕ್ಕೆ ಬಾರದು.

ನಮ್ಮ ಮೀಮಾಂಸೆ ಏನನ್ನುತ್ತದೆ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದದ ಕನ್ನಡ ಎಂ.ಎ. ವಿದ್ಯಾರ್ಥಿ ಬಹುಶಃ ಇಲ್ಲ. ರಸ, ಧ್ವನಿ, ಔಚಿತ್ಯಗಳ ಸಂಸ್ಕೃತ ವಿಚಾರವನ್ನು ಅಷ್ಟು ತಿಳಿಯಾಗಿ ಕನ್ನಡಕ್ಕೆ ತಂದ ಗ್ರಂಥ ಇನ್ನೊಂದಿಲ್ಲ. ಪರೀಕ್ಷೆಯ ಹೊರಗೆ ಅದನ್ನು ನಾವು ತೆರೆಯುವುದು ಅಪರೂಪ. ನಮ್ಮ ಈ ಪ್ರಶ್ನೆಗೆ ಅಲ್ಲಿನ ವಿಚಾರಗಳು ಅಚ್ಚರಿಯೆನಿಸುವಷ್ಟು ಹತ್ತಿರವಾಗಿವೆ.

ಭರತನ ನಾಟ್ಯಶಾಸ್ತ್ರದ ಪ್ರಕಾರ ಹಾಸ್ಯ ಹುಟ್ಟುವುದು ಶೃಂಗಾರದಿಂದ, ಕರುಣ ಹುಟ್ಟುವುದು ರೌದ್ರದಿಂದ. ಕೋಪದ ಹಿಂಸೆಯ ಫಲವೇ ಶೋಕ ಎಂಬುದು ಸ್ಪಷ್ಟ. ಹಾಸ್ಯದ ವಿಷಯದಲ್ಲಿ ಕಾಶ್ಮೀರದ ಅಭಿನವಗುಪ್ತ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಯಾವುದೇ ಭಾವ ಅನುಚಿತವಾದ ಕಡೆ ತಲೆಯೆತ್ತಿ ಬರಿಯ ಆಭಾಸವಾದಾಗ ಅದು ಹಾಸ್ಯಕ್ಕೆ ಕಾರಣವಾಗುತ್ತದೆ ಎಂಬುದು ಅವನ ಮತ. ರಾವಣನಿಗೆ ಸೀತೆಯಲ್ಲಿ ಹುಟ್ಟಿದ ಪ್ರೇಮ ಶೃಂಗಾರವಲ್ಲ, ಶೃಂಗಾರಾಭಾಸ. ಚಾಪ್ಲಿನ್ನನ ಸರ್ವಾಧಿಕಾರಿ ಭೂಗೋಳವನ್ನು ಅಪ್ಪಿ ನರ್ತಿಸುವ ದೃಶ್ಯಕ್ಕೆ ಇದಕ್ಕಿಂತ ಒಪ್ಪುವ ವ್ಯಾಖ್ಯಾನ ಸಿಗುವುದು ಕಷ್ಟ. ಜಗತ್ತನ್ನೇ ಹೊತ್ತೊಯ್ಯಬೇಕೆಂಬ ರಾವಣನ ಮೋಹ ಅದು. ವೀರಾವೇಶದ ಭಾಷಣದಲ್ಲಿ ಅವನಿಗೆ ಕೆಮ್ಮು ಉಮ್ಮಳಿಸಿ ಬರುವುದು ವೀರಾಭಾಸ. ದುಷ್ಟ ತನ್ನನ್ನು ತಾನು ಮಹಾಪುರುಷನೆಂದು ಬಗೆದ ಕ್ಷಣವೇ ನಗೆಗೆ ಬಾಗಿಲು ತೆರೆಯುತ್ತಾನೆ.

ಆದರೆ ಹಾಸ್ಯ ಮತ್ತು ಕರುಣಗಳು ವಿರೋಧಿ ರಸಗಳೆಂದು ಆಲಂಕಾರಿಕರು ಹೇಳಿದ್ದಾರೆ. ಸಾವಿನ ಮನೆಯಲ್ಲಿ ನಕ್ಕರೆ ಶೋಕವೂ ಕೆಡುತ್ತದೆ, ನಗೆಯೂ ಕೆಡುತ್ತದೆ. ಒಂಬತ್ತನೆಯ ಶತಮಾನದ ಆನಂದವರ್ಧನ ಇದಕ್ಕೆ ಪರಿಹಾರವನ್ನೂ ಸೂಚಿಸಿದ. ವಿರೋಧಿ ರಸಗಳು ಬೇರೆ ಬೇರೆ ಆಶ್ರಯದಲ್ಲಿದ್ದರೆ ದೋಷವಿಲ್ಲ. ಇಲ್ಲವೆ, ಒಂದು ಪ್ರಧಾನವಾಗಿ ಇನ್ನೊಂದು ಅದಕ್ಕೆ ಅಂಗವಾಗಿ ನಿಂತರೆ ದೋಷವಿಲ್ಲ. ಇವೆರಡೂ ಮಾರ್ಗಗಳು ನಮ್ಮ ಚಲನಚಿತ್ರಗಳಲ್ಲಿ ಕಾಣುತ್ತವೆ. ಚಾಪ್ಲಿನ್ ಮೊದಲ ದಾರಿ ಹಿಡಿದರು. ಅಪಹಾಸ್ಯವೆಲ್ಲ ಸರ್ವಾಧಿಕಾರಿಯ ಪಾಲಿಗೆ, ಕನಿಕರವೆಲ್ಲ ಕ್ಷೌರಿಕನ ಪಾಲಿಗೆ. ಒಂದೇ ಮುಖಕ್ಕೆ ಎರಡು ಆಶ್ರಯ. ಬೆನಿನಿ ಹಿಡಿದದ್ದು ಎರಡನೆಯ ದಾರಿ. ಅಲ್ಲಿ ತಂದೆಯ ಕೋಡಂಗಿತನ ಶೋಕಕ್ಕೆ ಅಂಗ. ಅವನು ಹೆಚ್ಚು ನಗಿಸಿದಷ್ಟೂ ನೋಡುವವನ ಎದೆ ಭಾರವಾಗುತ್ತದೆ. ಮಗನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆಯಷ್ಟೆ.

ಹೀಗೆ ‘ನಗಬಹುದೆ’ ಎಂಬ ಒಂದು ಪ್ರಶ್ನೆ ಎರಡಾಗಿ ಒಡೆಯುತ್ತದೆ. ನಗೆಗೆ ಆಲಂಬನ ಯಾರು? ಅಂಗ ಯಾವುದು, ಅಂಗಿ ಯಾವುದು? ಈ ಎರಡಕ್ಕೂ ಉತ್ತರ ಸಿಕ್ಕದ ಕಡೆ ಔಚಿತ್ಯಭಂಗ.

ತುಘಲಕ್ ಮತ್ತು ಕಡಲೆಕಾಯಿ

ಇದು ಬರಿಯ ಪುಸ್ತಕದ ಮಾತಲ್ಲವೆಂಬುದಕ್ಕೆ ಕನ್ನಡದ ಎರಡು ಕೃತಿಗಳನ್ನು ನೆನೆಯಬಹುದು. ಯುರೋಪಿನ ನರಮೇಧಕ್ಕೂ ಇವುಗಳ ವಸ್ತುವಿಗೂ ಹೋಲಿಕೆ ಹೇಳುವುದು ಉದ್ದೇಶವಲ್ಲ. ಘೋರದ ಮಧ್ಯೆ ನಗೆಯನ್ನು ಇಡುವ ಬಗೆಯನ್ನಷ್ಟೇ ಗಮನಿಸಬೇಕು.

1964ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ತುಘಲಕ್’ನಲ್ಲಿ ಇಡೀ ದಿಲ್ಲಿಯ ಪ್ರಜೆಗಳನ್ನು ದೌಲತಾಬಾದಿಗೆ ನಡೆಸಲಾಗುತ್ತದೆ, ದಾರಿಯಲ್ಲಿ ಜನ ಸಾಯುತ್ತಾರೆ. ಈ ನಡುವೆ ಅಜೀಜ್ ಎಂಬ ಅಗಸ ಮತ್ತು ಅವನ ಗೆಳೆಯ ಆಜಮ್ ನಾಟಕದುದ್ದಕ್ಕೂ ನಗಿಸುತ್ತಾರೆ. ಕಂಪನಿ ನಾಟಕಗಳಲ್ಲಿ ಹಿಂದೆ ದೊಡ್ಡ ರಂಗಸಜ್ಜಿಕೆ ಬದಲಾಗುವವರೆಗೆ ಮುಂದಿನ ಪರದೆಯ ಎದುರು ಹಾಸ್ಯಗಾರರು ಬಂದು ಹೊತ್ತು ಕಳೆಯುತ್ತಿದ್ದರು. ಕಾರ್ನಾಡರು ತೆಗೆದುಕೊಂಡದ್ದು ಆ ಪದ್ಧತಿಯನ್ನೇ. ಆದರೆ ಸಾಯುತ್ತಿರುವ ಮಗುವನ್ನು ವೈದ್ಯನ ಬಳಿಗೆ ಒಯ್ಯಲು ಅನುಮತಿ ಬೇಡುವ ತಾಯಿಯಿಂದ ಅಜೀಜ್ ಲಂಚ ಕೇಳುವಾಗ, ಅಲ್ಲಿಯವರೆಗೆ ನಗುತ್ತಿದ್ದ ಪ್ರೇಕ್ಷಕನ ಬಾಯಿ ಕಟ್ಟುತ್ತದೆ. ತಾನು ಇಷ್ಟು ಹೊತ್ತು ಯಾರ ಪಕ್ಷ ವಹಿಸಿ ನಕ್ಕೆ ಎಂದು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ಇಲ್ಲಿ ನಗೆ ಪ್ರೇಕ್ಷಕನನ್ನು ಅಪರಾಧದೊಳಕ್ಕೆ ಎಳೆದು ತರುವ ಸಾಧನ.

ಎರಡನೆಯದು ಮೈಸೂರಿನಲ್ಲೇ ನೆಲೆಸಿರುವ, ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರ ‘ಒಡಲಾಳ’. ಸಾಕವ್ವನ ಮನೆಯಲ್ಲಿ ಹಸಿವಿದೆ. ಒಂದು ರಾತ್ರಿ ಕದ್ದು ತಂದ ಕಡಲೆಕಾಯಿಯ ಸುತ್ತ ಮನೆಮಂದಿಯೆಲ್ಲ ಕೂತು, ಬೆಂಕಿ ಹಾಕಿಕೊಂಡು, ಸಿಪ್ಪೆಯನ್ನು ಆ ಬೆಂಕಿಗೇ ಎಸೆಯುತ್ತ, ಹರಟುತ್ತ, ನಗುತ್ತ ತಿನ್ನುತ್ತಾರೆ. ಬೆಳಿಗ್ಗೆ ಪೊಲೀಸರು ಬಂದು ಹುಡುಕಿದರೆ ಕಳವಿನ ಗುರುತೂ ಇಲ್ಲ. ಓದುವವನೂ ನಗುತ್ತಾನೆ. ಆ ನಗೆಯಲ್ಲಿ ಹಸಿದವರ ಮೇಲಿನ ಕುಹಕವಿಲ್ಲ, ಅವರ ಗೆಲುವಿನಲ್ಲಿ ಒಂದು ಪಾಲು ಇದೆ. ಇದೇ ಮನೆಯನ್ನು ಹೊರಗಿನವನೊಬ್ಬ ತಮಾಷೆಯಾಗಿ ಚಿತ್ರಿಸಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಲು ನಮ್ಮ ಹಳೆಯ ಚಲನಚಿತ್ರಗಳ ಆಳುಮಗನ ಹಾಸ್ಯ ದೃಶ್ಯಗಳನ್ನು ನೆನೆದರೆ ಸಾಕು.

ದೇಶವಿಭಜನೆಯ ಕೊಲೆಗಳ ಬಗ್ಗೆ 1948ರಲ್ಲಿ ಸಾದತ್ ಹಸನ್ ಮಂಟೊ ‘ಸಿಯಾಹ್ ಹಾಶಿಯೆ’ ಎಂಬ ಪುಟ್ಟ ಪುಟ್ಟ ಕರಾಳ ನಗೆಹನಿಗಳ ಸಂಕಲನ ತಂದಾಗ ಪ್ರಗತಿಶೀಲರೇ ಹೆಣದ ಮೇಲೆ ಹಾಸ್ಯವೆ ಎಂದು ಮುನಿದರು. ಇಂದು ಆ ಕಾಲದ ಅತ್ಯಂತ ನಿಷ್ಠುರ ಸಾಕ್ಷ್ಯಗಳಲ್ಲಿ ಅದೂ ಒಂದು.

ಶಿಬಿರದೊಳಗಿನ ನಗೆ

ಶಿಬಿರಗಳ ಒಳಗೇ ಜನ ನಕ್ಕಿದ್ದರು ಎಂಬುದಕ್ಕೆ ಸಾಕ್ಷ್ಯವಿದೆ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ತಮ್ಮ ಸೆರೆವಾಸದ ನೆನಪುಗಳಲ್ಲಿ, ಜೊತೆಯವನೊಡನೆ ದಿನಕ್ಕೊಂದಾದರೂ ನಗೆಯ ಪ್ರಸಂಗ ಕಲ್ಪಿಸಬೇಕೆಂದು ಒಪ್ಪಂದ ಮಾಡಿಕೊಂಡದ್ದನ್ನು ಹೇಳಿದ್ದಾರೆ. ಕೆಲವು ಕ್ಷಣವಾದರೂ ತಲೆಯೆತ್ತಿ ನಿಲ್ಲಲು ಅದು ಆಸರೆಯಾಗಿತ್ತಂತೆ. ಸಾಕವ್ವನ ಮನೆಯ ನಗೆಗೆ ಇದು ದೂರದ ನೆಂಟ.

ಆದರೆ ನಗೆಯೆಲ್ಲ ಪವಿತ್ರವೆಂದು ಭಾವಿಸಬಾರದು. ಹಾಲೆಂಡಿನ ವೆಸ್ಟರ್‌ಬೋರ್ಕ್ ಶಿಬಿರದಲ್ಲಿ ಬರ್ಲಿನ್ನಿನ ಹೆಸರಾಂತ ಯಹೂದಿ ಹಾಸ್ಯನಟರಿಂದ ಅಧಿಕಾರಿಗಳು ಮನರಂಜನೆಯ ಪ್ರದರ್ಶನ ಮಾಡಿಸುತ್ತಿದ್ದರು. ವಾರವಾರವೂ ಅಲ್ಲಿಂದ ಪೂರ್ವಕ್ಕೆ ಸಾವಿನ ರೈಲು ಹೊರಡುತ್ತಿತ್ತು. ಆ ತಂಡದ ಮ್ಯಾಕ್ಸ್ ಎರ್ಲಿಕ್, ವಿಲ್ಲಿ ರೋಸನ್ ಇಬ್ಬರೂ 1944ರಲ್ಲಿ ಆಷ್‌ವಿಟ್ಜ್‌ನಲ್ಲಿ ಸತ್ತರು. ಥೆರೆಸಿಯನ್‌ಸ್ಟಾಟ್ ಎಂಬಲ್ಲಿ 1944ರ ಜೂನ್ 23ರಂದು ರೆಡ್ ಕ್ರಾಸ್ ಪ್ರತಿನಿಧಿಗಳು ಬಂದಾಗ, ಬೀದಿಗಳನ್ನು ಸಿಂಗರಿಸಿ, ಮಕ್ಕಳನ್ನು ಹಾಡಿಸಿ, ಎಲ್ಲ ಸುಖವಾಗಿದೆ ಎಂದು ತೋರಿಸಲಾಯಿತು. ಬಳಿಕ ಅದೇ ಸುಖದ ಒಂದು ಪ್ರಚಾರ ಚಿತ್ರವನ್ನೂ ನಾಜಿಗಳು ತೆಗೆಸಿದರು. ಅದನ್ನು ನಿರ್ದೇಶಿಸುವಂತೆ ಬಲವಂತ ಮಾಡಿದ್ದು ಅಲ್ಲಿ ಸೆರೆಯಲ್ಲಿದ್ದ ಯಹೂದಿ ನಟ ಕುರ್ಟ್ ಗೆರಾನ್ ಅವರನ್ನು. ಕೆಲಸ ಮುಗಿದ ಮೇಲೆ, ಅದೇ ಅಕ್ಟೋಬರಿನಲ್ಲಿ, ಅವರನ್ನೂ ಆಷ್‌ವಿಟ್ಜ್‌ಗೆ ಸಾಗಿಸಿ ಕೊಂದರು. ಅಂದರೆ ನಗುವ ಮುಖಗಳ ಚಲನಚಿತ್ರವನ್ನು ಕೊಲೆಗಾರರೂ ತೆಗೆದಿದ್ದರು.

ಆದ್ದರಿಂದಲೇ ಬೆನಿನಿಯ ಟೀಕಾಕಾರರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ರಸಸಿದ್ಧಾಂತ ಕಲೆಯ ಔಚಿತ್ಯ ಹೇಳುತ್ತದೆ, ಸಾಕ್ಷಿಯ ಸತ್ಯವನ್ನು ಅದು ಪರೀಕ್ಷಿಸುವುದಿಲ್ಲ. ಪಾಠಪುಸ್ತಕದಲ್ಲಿ ನಾಲ್ಕು ಸಾಲು ಓದಿ ಬೆಳೆದ ನಮ್ಮಂಥವರಿಗೆ ಚಲನಚಿತ್ರವೇ ಇತಿಹಾಸವಾಗುವ ಅಪಾಯವಿದೆ. ಜೂಜಿನಂತಹ ಸಾಹಸದಿಂದ ಮಗು ಉಳಿಯಿತು ಎಂದು ನೋಡಿ ಮನೆಗೆ ಹೋದವನಿಗೆ, ಉಳಿಯದ ಮಕ್ಕಳ ಲೆಕ್ಕ ಯಾರು ಹೇಳಬೇಕು? ಹಾಸ್ಯಚಿತ್ರ ನೋಡುವ ಹಕ್ಕಿನೊಡನೆ ಇತಿಹಾಸ ತಿಳಿಯುವ ಹೊಣೆಯೂ ಬರುತ್ತದೆ. ತಿಳಿದವನ ನಗೆ ಬೇರೆ, ತಿಳಿಯದವನ ನಗೆ ಬೇರೆ.

ಹಾಸ್ಯವನ್ನು ಬಿಟ್ಟುಬಿಟ್ಟರೆ ಸಮಸ್ಯೆ ಪರಿಹಾರವಾಗುತ್ತದೆ ಎಂಬುದೂ ಸುಳ್ಳು. 2023ರ ಹಿಂದಿ ಚಿತ್ರ ‘ಬವಾಲ್’ ಆಷ್‌ವಿಟ್ಜ್‌ನ ವಿಷಾನಿಲದ ಕೋಣೆಯನ್ನು ಗಂಡಹೆಂಡಿರ ಮನಸ್ತಾಪಕ್ಕೆ ಉಪಮೆಯಾಗಿ ಬಳಸಿತು. ಆ ದೃಶ್ಯಗಳು ಗಂಭೀರವಾಗಿಯೇ ಇದ್ದವು, ಕಣ್ಣೀರೂ ಇತ್ತು. ಆದರೂ ಯಹೂದಿ ಸಂಘಟನೆಯೊಂದು ಅದನ್ನು ಖಂಡಿಸಿತು. ಇನ್ನೊಬ್ಬರ ಸಾವನ್ನು ನಮ್ಮ ಕಥೆಗೆ ಒಡವೆಯಾಗಿ ತೊಡಿಸುವುದೇ ಅಲ್ಲಿನ ದೋಷ. ನಗುತ್ತ ತೊಡಿಸಿದರೂ ಅಳುತ್ತ ತೊಡಿಸಿದರೂ ಅದು ಒಂದೇ.

ಮತ್ತೆ ನಮ್ಮ ಮನೆಗೆ

ಈಗ ಮೊದಲಿನ ಮಾತಿಗೆ ಬರೋಣ. ಹೆಡ್‌ಮಾಸ್ಟರನ್ನು ಹಿಟ್ಲರ್ ಎನ್ನುವ ನಗೆಯಲ್ಲಿ ಆಲಂಬನ ಯಾರು? ಹಿಟ್ಲರನಲ್ಲ, ಹೆಡ್‌ಮಾಸ್ಟರು. ಕರುಣ ಎಲ್ಲಿದೆ? ಎಲ್ಲಿಯೂ ಇಲ್ಲ, ಕೊಲೆಯಾದವರು ಆ ಮಾತಿನೊಳಗೆ ಕಾಲಿಟ್ಟೇ ಇಲ್ಲ. ಚಾಪ್ಲಿನ್ ಮತ್ತು ಬೆನಿನಿ ಸತ್ತವರನ್ನು ನೆನೆದು ನಗಿಸಿದರು. ನಮ್ಮದು ಸತ್ತವರ ನೆನಪೇ ಇಲ್ಲದ ನಗೆ. ಇದರಲ್ಲಿ ದುರುದ್ದೇಶವಿಲ್ಲ ನಿಜ. ಆದರೆ ಶಿಸ್ತಿಗೂ ಕೊಲೆಗೂ ಒಂದೇ ಪದ ಬಳಸುವ ಭಾಷೆ, ನಿಜವಾದ ಹಿಟ್ಲರ್ ಎದುರಾದಾಗ ಅವನನ್ನು ಕರೆಯಲು ಪದವಿಲ್ಲದೆ ನಿಲ್ಲುತ್ತದೆ. ಇನ್ನೂ ಮುಂದುವರಿದು, ‘ನಮಗೊಬ್ಬ ಹಿಟ್ಲರ್ ಬೇಕು, ಆಗ ಎಲ್ಲ ಸರಿಹೋಗುತ್ತದೆ’ ಎಂಬ ಮಾತು ಬಸ್ಸಿನಲ್ಲಿ, ಹೋಟೆಲಿನಲ್ಲಿ ಕಿವಿಗೆ ಬೀಳುವುದುಂಟು. ಆ ಮಾತು ಆ ಸಲಿಗೆಯ ನಗೆಯಿಂದಲೇ ಬೆಳೆದದ್ದು.

ನೇಮಿಚಂದ್ರ ಅವರ ಕಾದಂಬರಿಯ ಹೆಸರು ಜೆರುಸಲೇಮಿನ ಸ್ಮಾರಕದ್ದು. ಬೈಬಲಿನಿಂದ ಬಂದ ಆ ಹೀಬ್ರೂ ಮಾತಿಗೆ, ಒಂದು ಸ್ಮಾರಕ ಮತ್ತು ಒಂದು ಹೆಸರು ಎಂಬ ಅರ್ಥ. ಸತ್ತ ಒಬ್ಬೊಬ್ಬರ ಹೆಸರನ್ನೂ ಹುಡುಕಿ ಬರೆದಿಡುವುದು ಆ ಸಂಸ್ಥೆಯ ಮುಖ್ಯ ಕೆಲಸಗಳಲ್ಲಿ ಒಂದು. ಕೊಂದವನ ಹೆಸರು ಕನ್ನಡದ ಮನೆಮನೆಗೂ ಗೊತ್ತು, ಮಕ್ಕಳ ಬಾಯಲ್ಲೂ ಇದೆ. ಅವನು ಕೊಲ್ಲಿಸಿದ 60 ಲಕ್ಷ ಜನರಲ್ಲಿ ನಮಗೆಷ್ಟು ಹೆಸರು ಗೊತ್ತು? ಆನ್ ಫ್ರಾಂಕ್ ಎಂಬ ಹುಡುಗಿಯದೊಂದು ಸಿಗಬಹುದು. ಇವತ್ತು ಕುರ್ಟ್ ಗೆರಾನ್, ಮ್ಯಾಕ್ಸ್ ಎರ್ಲಿಕ್, ವಿಲ್ಲಿ ರೋಸನ್ ಎಂಬ ಇನ್ನೂ ಮೂರನ್ನು ಸೇರಿಸಿಕೊಳ್ಳೋಣ. ಮೂವರೂ ಜನರನ್ನು ನಗಿಸಿಯೇ ಬದುಕಿದ್ದವರು.